ಎರಡು ಚಮಚ ಹಾಲಿಗೆ ಎಂಬತ್ತೆಂಟು ಮೆಟ್ಟಿಲು

ಬೆಳಿಗ್ಗೆ ಐದೂಮುಕ್ಕಾಲು. ಲಿಫ್ಟಿನ ಬಾಗಿಲಿಗೆ ಅಂಟಿಸಿದ 'ಕೆಟ್ಟಿದೆ' ಎಂಬ ಚೀಟಿ ಹಳದಿಗಟ್ಟಿ ಮೂಲೆ ಸುರುಟಿಕೊಂಡಿದೆ. ಅದರ ಮುಂದೆ ನಿಂತ ಹೆಂಗಸು ಚೀಟಿಯನ್ನು ಒಮ್ಮೆ ದುರುಗುಟ್ಟಿ ನೋಡಿ, ಒಂಬತ್ತು ಕೆಜಿಯ ಐಸ್ ಡಬ್ಬಿಯನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡು ಮೆಟ್ಟಿಲು ಹತ್ತತೊಡಗುತ್ತಾರೆ. ನಾಲ್ಕನೇ ಮಹಡಿ, ಎಂಬತ್ತೆಂಟು ಮೆಟ್ಟಿಲು. ಮೇಲೆ ಸಿಗುವುದು ಎರಡು ಚಮಚ ಹಾಲು. ಅದೂ ಆ ಮನೆಯ ಬಾಣಂತಿ ಎದ್ದಿದ್ದರೆ.

ಎದ್ದಿಲ್ಲ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಅವಳ ಗಂಡ ಬಾಗಿಲು ತೆಗೆಯುತ್ತಾನೆ. "ಈಗಷ್ಟೇ ಮಲಗಿದ್ಲು. ನಾಳೆ ಬನ್ನಿ."

"ಮಗು ಹುಟ್ಟಿ ಇವತ್ತಿಗೆ ಮೂವತ್ತು ದಿನ ಕಣಪ್ಪ. ನಾಳೆ ಮೂವತ್ತೊಂದಾಗುತ್ತೆ. ನಾನು ಇಲ್ಲೇ ಕೂತಿರ್ತೀನಿ, ನೀನು ಬಾಯಿ ತೊಳ್ಕೋ ಹೋಗು."

ಕೊನೆಯ ಮೆಟ್ಟಿಲ ಮೇಲೆ ಕುಳಿತು ಕಾಯುತ್ತಾರೆ. ನಲವತ್ತು ನಿಮಿಷದ ಮೇಲೆ ಒಳಗೆ ಮಗು ಅಳುತ್ತದೆ. ಅಲ್ಲಿಗೆ ದಿನದ ಮೊದಲ ಶೀಶೆ ತುಂಬುತ್ತದೆ. ಇನ್ನು ಆರು ಮನೆ ಬಾಕಿ.

ಈ ಹೆಂಗಸಿಗೆ ಸುತ್ತಲಿನ ಬಡಾವಣೆಗಳ ಬಾಣಂತಿಯರು ಇಟ್ಟ ಹೆಸರು ಹಾಲಕ್ಕ. ಅವರಿಗದು ಸ್ವಲ್ಪವೂ ಹಿಡಿಸುವುದಿಲ್ಲ. "ನಾನೇನು ಎಮ್ಮೆ ಕಟ್ಟಿದೀನಾ?" ಎಂದು ಕೇಳುತ್ತಾರೆ. ಆದರೂ ಬಾಗಿಲ ಹಿಂದಿನಿಂದ "ಯಾರು?" ಎಂದರೆ ಅವರ ಬಾಯಲ್ಲಿ ಬರುವುದು ಅದೇ ಹೆಸರು. ಸಂಶೋಧನಾ ವಿಭಾಗದ ಕ್ಷೇತ್ರ ಸಹಾಯಕಿ ಎಂದರೆ ಯಾರೂ ಚಿಲಕ ತೆಗೆಯುವುದಿಲ್ಲ.

ಅವರು ಕೆಲಸ ಮಾಡುವುದು ಒಂದು ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿನ ಒಂದು ಅಧ್ಯಯನದ ಪಟ್ಟಿಯಲ್ಲಿ ಮುನ್ನೂರ ಹನ್ನೆರಡು ತಾಯಂದಿರು. ಹೆರಿಗೆಯಾದ ಮೊದಲ ತಿಂಗಳು, ಮೂರನೇ ತಿಂಗಳು, ಆರನೇ ತಿಂಗಳು ಅವರ ಹಾಲು ತರಬೇಕು. ಆಮೇಲೆ ಮಗುವಿಗೆ ಐದು ವರ್ಷ ತುಂಬುವವರೆಗೆ ಆರಾರು ತಿಂಗಳಿಗೊಮ್ಮೆ ಹೋಗಿ, ಕೆಮ್ಮಿತೇ, ಉಬ್ಬಸ ಬಂತೇ, ಎದೆಯಲ್ಲಿ ಸಿಳ್ಳೆಯಂಥ ಸದ್ದು ಕೇಳಿತೇ ಎಂದು ವಿಚಾರಿಸಬೇಕು. ತಾಯಿಯ ಹಾಲಿನಲ್ಲಿ ಕೆಲವು ಬಗೆಯ ಸಕ್ಕರೆಗಳಿವೆ. ಮಗುವಿಗೆ ಅವು ಜೀರ್ಣವಾಗುವುದಿಲ್ಲ. ಅದರ ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಅವೇ ಊಟ. ಎಲ್ಲ ತಾಯಂದಿರ ಹಾಲಿನಲ್ಲೂ ಒಂದೇ ಬಗೆಯವು ಇರುವುದಿಲ್ಲ, ಅದು ಬಹುಮಟ್ಟಿಗೆ ಹುಟ್ಟಿನಿಂದಲೇ ಬಂದದ್ದು. ಅಲರ್ಜಿಯಿಂದ ಬರುವ ಅಸ್ತಮಾವನ್ನು ತಡೆಯುವುದರಲ್ಲಿ ಈ ಸಕ್ಕರೆಗಳ ಪಾತ್ರವೇನಾದರೂ ಇದೆಯೇ? ಅದೇ ಪ್ರಶ್ನೆ. ಉತ್ತರ ಇನ್ನೂ ಇಲ್ಲ. ಇಲ್ಲ ಎನ್ನುವುದನ್ನೇ ಮನೆಮನೆಯಲ್ಲೂ ಹೇಳುವುದು ಹಾಲಕ್ಕನ ಪಾಲಿಗೆ ಬಂದಿದೆ.

"ಸಕ್ಕರೆ ಅನ್ನೋ ಮಾತು ಬಾಯಿಂದ ಬೀಳೋದೇ ತಡ, ಒಬ್ಬಳು ಟೀಗೆ ನಾಲ್ಕು ಚಮಚ ಹಾಕ್ಕೊಳ್ಳೋಕೆ ಶುರು ಮಾಡಿದ್ಲು. ಇನ್ನೊಬ್ಬಳು ಟೀನೇ ಬಿಟ್ಟಳು. ಆ ಸಕ್ಕರೆ ಬೇರೆ, ಈ ಸಕ್ಕರೆ ಬೇರೆ ಕಣ್ರಮ್ಮ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಯ್ತು."

ಆಫೀಸಿನವರ ಕಾಟ ಬೇರೆ. ಹಾಲಿಡುವ ಫ್ರೀಜರಿನ ಬಾಗಿಲ ರಬ್ಬರು ಸಡಿಲವಾಗಿದೆ ಎಂದು ಹಾಲಕ್ಕ ಹನ್ನೊಂದು ಸಲ ಬರೆದುಕೊಟ್ಟಿದ್ದಾರೆ. ಹನ್ನೆರಡನೆಯ ಸಲಕ್ಕೆ ರಬ್ಬರು ಬರಲಿಲ್ಲ. ದೂರು ಬರೆಯಲು ಹೊಸ ನಮೂನೆಯ ಫಾರಂ ಬಂತು.

ಮೊದಲು ಇದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದವರು ಈ ಕೆಲಸವನ್ನು ಕೇಳಿ ಪಡೆದಿದ್ದಕ್ಕೆ ಕಾರಣ ಮನೆಯಲ್ಲೇ ಇದೆ. ಹದಿನೇಳು ವರ್ಷದ ಮಗಳು ಮೂರನೇ ವರ್ಷದಿಂದ ಉಬ್ಬಸಪಡುತ್ತಿದ್ದಾಳೆ. "ಎರಡು ವರ್ಷ ಹಾಲು ಕುಡಿಸಿದೀನಿ. ಆದ್ರೂ ನಮ್ಮತ್ತೆ, ನೀನು ಸರಿಯಾಗಿ ಹಾಲು ಕೊಟ್ಟಿಲ್ಲ, ಅದಕ್ಕೇ ಹೀಗೆ ಅಂದ್ರು. ನನ್ನ ಅಕ್ಕಾನೂ ಅಂದಳು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

ಹಾಗಾಗಿ ಕಳೆದ ವರ್ಷ ಪಟ್ಟಿಯ ನೂರ ನಲವತ್ತೇಳನೇ ನಂಬರಿನ ಮನೆಯಲ್ಲಿ ನಡೆದದ್ದು ಅವರಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಆ ಮನೆಯ ಮೂರು ವರ್ಷದ ಹುಡುಗಿಗೆ ಉಬ್ಬಸ ಶುರುವಾಗಿತ್ತು. ಬಾಗಿಲಿಗೆ ಬಂದ ಅಜ್ಜಿ ನೇರವಾಗಿ ಹೇಳಿದರು: "ಮಗು ಕುಡಿಯೋ ಹಾಲನ್ನ ನೀನು ಶೀಶೆಗೆ ತುಂಬ್ಕೊಂಡು ಹೋದೆ. ಈಗ ನೋಡು. ಇನ್ನು ಇತ್ತ ಬರಬೇಡ."

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋದ್ರೆ, ಕಾಗೇನೇ ಮುರೀತು ಅಂತೀರಲ್ಲಮ್ಮ," ಎಂದರು ಹಾಲಕ್ಕ. "ಕೊಂಬೆ ಯಾಕೆ ಮುರೀತು ಅಂತ ತಿಳ್ಕೊಳ್ಳೋಕೇ ಅಲ್ವಾ ನಾನು ಆರು ವರ್ಷದಿಂದ ಅಲೀತಿರೋದು?"

ಬಾಗಿಲು ಮುಚ್ಚಿತು.

ಅಧ್ಯಯನ ನಡೆಸುವ ದೊಡ್ಡ ಡಾಕ್ಟರು ಆ ನಂಬರನ್ನು ಪಟ್ಟಿಯಿಂದ ತೆಗೆಯಲು ಹೇಳಿದರು. ಕಂಪ್ಯೂಟರಿನಲ್ಲಿ ಅದಕ್ಕೆ ಆರಿಸಲು ಇದ್ದ ಕಾರಣ ಒಂದೇ: 'ತಾಯಿ ಸಹಕರಿಸಲಿಲ್ಲ'. ಹಾಲಕ್ಕ ಅದನ್ನು ಒತ್ತಲು ಒಪ್ಪಲಿಲ್ಲ. "ಮೂರು ಸಲ ಹಾಲು ಕೊಟ್ಟವಳು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದವಳು. ಮಗುಗೆ ಉಸಿರು ಸಿಗ್ತಿಲ್ಲ ಅಂದಾಗ ಕೆಟ್ಟವಳಾದಳಾ ಸಾರ್? ಉಬ್ಬಸ ಬಂದ ಮಕ್ಕಳನ್ನೇ ಪಟ್ಟಿಯಿಂದ ತೆಗೆದ್ರೆ ನಿಮ್ಮ ಲೆಕ್ಕ ಏನು ಹೇಳುತ್ತೆ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ತಿಂಗಳ ಗಡುವು ಸಿಕ್ಕಿತು.

ಆರು ಸಲ ಹೋದರು. ಆರು ಸಲವೂ ಅಜ್ಜಿ ಒಳಗಿನಿಂದಲೇ ಮಾತಾಡಿ ಕಳಿಸಿದರು. ಏಳನೆಯ ಸಲ ಬಾಗಿಲು ತೆಗೆದದ್ದು ತಾಯಿ. ಮಗು ಅವಳ ಸೊಂಟದ ಮೇಲಿತ್ತು, ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಸೇದುತ್ತಿತ್ತು. ತಾಯಿ ಔಷಧದ ಪಂಪನ್ನು ನೇರವಾಗಿ ಮಗುವಿನ ಬಾಯಿಗೆ ಹಿಡಿದು ಒತ್ತುತ್ತಿದ್ದಳು. ಮಗು ಮುಖ ತಿರುಗಿಸುತ್ತಿತ್ತು, ಔಷಧ ಗಾಳಿಗೆ ಹೋಗುತ್ತಿತ್ತು.

"ಇದರ ಜೊತೆ ಪ್ಲಾಸ್ಟಿಕ್ ಕೊಳವೆ ಕೊಟ್ಟಿರಲಿಲ್ವಾ?"

ಕೊಟ್ಟಿದ್ದರು. ಕಪಾಟಿನ ಮೇಲೆ, ಪೊಟ್ಟಣ ಒಡೆಯದೆ ಕೂತಿತ್ತು. ಅದು ಯಾತಕ್ಕೆಂದು ಯಾರೂ ಹೇಳಿರಲಿಲ್ಲ.

ಹಾಲಕ್ಕ ಡಬ್ಬಿ ಕೆಳಗಿಟ್ಟು ನೆಲದ ಮೇಲೆ ಕೂತರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೊಳವೆಯ ಒಂದು ತುದಿಗೆ ಪಂಪು ಸಿಕ್ಕಿಸಿ, ಇನ್ನೊಂದು ತುದಿಯ ಮುಖವಾಡವನ್ನು ಮೂಗು ಬಾಯಿ ಮುಚ್ಚುವಂತೆ ಹಿಡಿದರು. ಒಮ್ಮೆ ಒತ್ತಿ, ಉಸಿರು ಎಣಿಸಿದರು. ಹದಿನಾಲ್ಕು ವರ್ಷ ತಮ್ಮ ಮನೆಯಲ್ಲಿ ಮಾಡಿದ ಕೆಲಸ, ಕೈಗೆ ಹೇಳಿಕೊಡಬೇಕಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕೆ ಸಡಿಲವಾಯಿತು. ಆದರೂ ಇವತ್ತೇ ಡಾಕ್ಟರಿಗೆ ತೋರಿಸಿ ಎಂದು ತಾಕೀತು ಮಾಡಿದರು.

ತಾಯಿ ಆಗ ತಗ್ಗಿದ ದನಿಯಲ್ಲಿ ಕೇಳಿದಳು: "ಅಕ್ಕಾ, ನನ್ನ ಹಾಲಲ್ಲೇ ಏನಾದ್ರೂ ಕಮ್ಮಿ ಇತ್ತಾ?"

"ಗೊತ್ತಿಲ್ಲಮ್ಮ. ಇದ್ರೂ ಅದು ನೀನು ಮಾಡಿದ್ದಲ್ಲ. ನಿನ್ನ ಕಣ್ಣಿನ ಬಣ್ಣ ನೀನು ಆರಿಸ್ಕೊಂಡು ಹುಟ್ಟಿದ್ಯಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಒಳಗೆ ಹೋದರು. ಒಂದು ಲೋಟ ಟೀ ತಂದಿಟ್ಟರು. ನೂರ ನಲವತ್ತೇಳನೇ ನಂಬರು ಪಟ್ಟಿಯಲ್ಲೇ ಉಳಿಯಿತು. ಅಂದಿನಿಂದ ಹಾಲಕ್ಕನ ಚೀಲದಲ್ಲಿ ಮಗಳ ಹಳೆಯ ಕೊಳವೆಯೊಂದು ಇರುತ್ತದೆ. ಉಬ್ಬಸದ ಮಗುವಿರುವ ಪ್ರತಿ ಮನೆಯಲ್ಲೂ ಅದನ್ನು ಹಿಡಿಯುವ ಬಗೆ ತೋರಿಸುತ್ತಾರೆ. ಇದು ಅವರ ಕೆಲಸವಲ್ಲ ಎಂದು ಆಫೀಸಿನಿಂದ ಒಂದು ಪತ್ರ ಬಂದಿದೆ. "ಫೈಲಿಗೆ ಹಾಕಿದೀನಿ," ಎನ್ನುತ್ತಾರೆ.

ಕೊನೆಯ ಮಗುವಿಗೆ ಐದು ತುಂಬಿದಾಗ, ಇನ್ನೈದು ವರ್ಷಕ್ಕೆ, ಅಧ್ಯಯನ ಮುಗಿಯುತ್ತದೆ. ಫಲಿತಾಂಶ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಡಾಕ್ಟರುಗಳು ಓದುತ್ತಾರೆ. ಹಾಲಕ್ಕನಿಗೆ ಅಷ್ಟು ಸಾಲದು. ಆಗ ಮುನ್ನೂರ ಹನ್ನೆರಡು ಮನೆಗೂ ಇನ್ನೊಂದು ಸುತ್ತು ಹೋಗಲು ಈಗಲೇ ಅನುಮತಿ ಕೇಳಿದ್ದಾರೆ. ಉತ್ತರ ಬಂದಿಲ್ಲ.

"ಸಕ್ಕರೆಯಿಂದ ಉಪಯೋಗ ಇದೆ ಅಂತ ಬಂದ್ರೆ ಹೇಳ್ತೀನಿ. ಏನೂ ಇಲ್ಲ ಅಂತ ಬಂದ್ರೂ ಹೇಳ್ತೀನಿ. ಕೊಟ್ಟಿದ್ದು ಏನಾಯ್ತು ಅಂತ ಕೊಟ್ಟವಳಿಗೆ ಗೊತ್ತಾಗಬೇಡ್ವಾ?" ಎನ್ನುತ್ತಾ ಡಬ್ಬಿ ಎತ್ತಿಕೊಳ್ಳುತ್ತಾರೆ. "ಅನುಮತಿ ಬರದಿದ್ರೆ ರಜಾ ಹಾಕಿ ಹೋಗ್ತೀನಿ. ಮನೆಗಳೇನೋ ನನಗೆ ಗೊತ್ತೇ ಇದಾವಲ್ಲ."