ಆಪಾ ಕಲಿಸಿದ ಅಂಜಿಕೆ

ಆಪಾ ಅವರ ಬಲಗಣ್ಣಿನ ಹುಬ್ಬು ಅರ್ಧಕ್ಕೇ ಮುಗಿದಿತ್ತು. ಮೂಗಿನ ಕಡೆಯಿಂದ ದಟ್ಟವಾಗಿ ಹೊರಟು, ನಡುವೆ ತೆಳ್ಳಗಾಗಿ, ಕಿವಿಯ ಕಡೆಗೆ ಬರುವಷ್ಟರಲ್ಲಿ ಬರೀ ಚರ್ಮ. ಕ್ಯಾಮೆರಾದ ಕಿಂಡಿಯ ಸುತ್ತಲಿನ ರಬ್ಬರನ್ನು ಮೂವತ್ತು ವರ್ಷ ಅದೇ ಜಾಗಕ್ಕೆ ಒತ್ತಿ ಒತ್ತಿ, ಅಲ್ಲಿ ಕೂದಲು ಹುಟ್ಟುವುದನ್ನೇ ಬಿಟ್ಟಿತ್ತು. ಮದುವೆ ಮನೆಯ ಹುಡುಗಿಯರು ಕಾಡಿಗೆ ಪೆನ್ಸಿಲ್ ಹಿಡಿದು, "ಆಪಾ, ತಡೀರಿ, ಪೂರಾ ಮಾಡಿ ಕೊಡ್ತೀವಿ" ಎಂದು ಬೆನ್ನು ಹತ್ತುತ್ತಿದ್ದರು. "ಇರ್ಲಿ ಬಿಡ್ರೆವ್ವಾ, ಅದು ನನ್ನ ಲೈಸನ್ಸ್ ಅದ" ಎನ್ನುತ್ತಿದ್ದರು ಆಪಾ.

ಆಪಾ ಎಂದರೆ ಅಕ್ಕ. ಕಲಬುರಗಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮುಸ್ಲಿಂ ಮನೆತನಗಳ ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೊ ತೆಗೆಯುವುದು ಅವರ ಕೆಲಸ. ಗಂಡಸರ ಕಡೆಗೆ ಡ್ರೋನ್ ಹಾರಿಸುವವರು ಎಷ್ಟು ಬೇಕಾದರೂ ಸಿಗುತ್ತಾರೆ. ಪರದೆಯ ಈಚೆ, ಹೆಣ್ಣುಮಕ್ಕಳು ತಲೆಯ ಮೇಲಿನ ಸೆರಗು ತೆಗೆದು, ಕೂದಲು ಬಿಚ್ಚಿ, ನಕ್ಕು ಕುಣಿಯುವಲ್ಲಿಗೆ ಹೋಗಲು ಹೆಂಗಸೇ ಆಗಬೇಕು, ಅದೂ ಬಾಯಿ ಬಿಗಿ ಇರುವ ಹೆಂಗಸು.

ನಾನು ಕಮಲಾಪುರದವಳು. ಅಪ್ಪ ಕೆಂಪು ಬಾಳೆ ಬೆಳೆಯುತ್ತಾರೆ. ಡಿಗ್ರಿ ಓದಲೆಂದು ದಿನಾ ಬಸ್ಸಿನಲ್ಲಿ ಕಲಬುರಗಿಗೆ ಬರುತ್ತಿದ್ದವಳು, ಓದಿಗಿಂತ ಮೊದಲು ಕ್ಯಾಮೆರಾದ ಹುಚ್ಚು ಹಚ್ಚಿಕೊಂಡು, ಲೈಟು ಹಿಡಿದು ಆಪಾ ಅವರ ಹಿಂದೆ ತಿರುಗತೊಡಗಿದೆ. "ನಿಮ್ಮ ಮನ್ಯಾಗ ಏನಂತಾರ?" ಎಂದು ಮೊದಲ ದಿನವೇ ಕೇಳಿದರು.

"ಏನೂ ಅನ್ನಂಗಿಲ್ರಿ. ಅಂಜತಾರ, ಅಷ್ಟ."

"ಹಂಗಾರ ಛಲೋ ಮನಿ ಅದ" ಎಂದರು.

ಯಾಕೆ ಹಾಗೆಂದರು ಎನ್ನುವುದು ಬರಬರುತ್ತಾ ತಿಳಿಯಿತು. ಆಪಾ ಅವರಷ್ಟು ಅಂಜುವ ಮನುಷ್ಯರನ್ನು ನಾನು ಬೇರೆ ನೋಡಿಲ್ಲ. ಮದುವೆಯ ದಿನ ನೀರು ಬಿಟ್ಟರೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಬ್ಯಾಟರಿ ತೆಗೆದು ನೋಡುವುದು, ಹಾಕುವುದು, ಮತ್ತೆ ತೆಗೆದು ನೋಡುವುದು. ಆಟೊ ಹತ್ತಿದ ಮೇಲೆ "ಲೆನ್ಸ್ ತಗೊಂಡೀ ಇಲ್ಲೋ?" ಎಂದು ಕೇಳುತ್ತಿದ್ದರು, ಲೆನ್ಸಿನ ಚೀಲ ಅವರ ತೊಡೆಯ ಮೇಲೇ ಇರುತ್ತಿತ್ತು. ಬಿಸ್ಮಿಲ್ಲಾ ಎಂದು ಮೊದಲ ಚಿತ್ರ ತೆಗೆದ ಮೇಲೆ ನನ್ನನ್ನು ಕರೆದು, ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ಅದನ್ನು ದೊಡ್ಡದು ಮಾಡಿ ತೋರಿಸುತ್ತಿದ್ದರು. "ರೆಪ್ಪಿಗೂದಲು ಬಿಡಿಬಿಡಿ ಕಾಣ್ತಾವೇನು ನೋಡು." ಕಾಣುತ್ತವೆ ಎಂದರೆ ಮುಂದಿನ ಚಿತ್ರ. ಪ್ರತಿ ಶಾಸ್ತ್ರಕ್ಕೂ ಇದೇ ಪ್ರಶ್ನೆ. ನನಗೆ ಪಾಠ ಹೇಳುವ ಅವರ ರೀತಿಯೇ ಇದು ಎಂದುಕೊಂಡಿದ್ದೆ.

ಅವರ ಅಂಜಿಕೆಗೆ ಕಾರಣವಿತ್ತು. ಕಾರ್ಯ ಮುಗಿದ ಕೂಡಲೇ ಕ್ಯಾಮೆರಾದೊಳಗಿನ ಕಾರ್ಡನ್ನು ತೆಗೆದು ಮದುಮಗಳ ತಾಯಿಯ ಕೈಯಲ್ಲಿ ಇಟ್ಟು ಬರುತ್ತಿದ್ದರು. ಅದರ ನಕಲು ಅವರ ಬಳಿ ಇರುತ್ತಿರಲಿಲ್ಲ. ಆಲ್ಬಮ್ ಬೇಕೆಂದರೆ ತಮ್ಮ ಲ್ಯಾಪ್‌ಟಾಪ್ ಹೊತ್ತು ಆ ಮನೆಗೇ ಹೋಗಿ, ಚಾಪೆಯ ಮೇಲೆ ಕೂತು ಕೆಲಸ ಮುಗಿಸಿ, ಎಲ್ಲವನ್ನೂ ಅಳಿಸಿ, ಅಳಿಸಿದ್ದನ್ನು ತಾಯಿಗೆ ತೋರಿಸಿ ಎದ್ದು ಬರುತ್ತಿದ್ದರು. ಬೇರೆ ಫೋಟೊಗ್ರಾಫರರು ಚಿತ್ರಗಳನ್ನು ನಾಲ್ಕು ಕಡೆ ತುಂಬಿಟ್ಟು ಹಾಯಾಗಿ ಮಲಗುತ್ತಾರೆ. ಆಪಾಗೆ ಇದ್ದದ್ದು ಅಂಚೆಚೀಟಿಯಷ್ಟು ದೊಡ್ಡ ಒಂದು ಕಾರ್ಡು. ಅದು ಕೆಟ್ಟರೆ ಮದುವೆಯೇ ಹೋಯಿತು.

ನನ್ನ ಅಂಜಿಕೆ ಬೇರೆ ನಮೂನೆಯದು. ಇನ್ನೊಬ್ಬರ ಕೈಯಲ್ಲಿ ನನ್ನದಕ್ಕಿಂತ ಒಳ್ಳೆಯ ಕ್ಯಾಮೆರಾ ಕಂಡರೆ ನಾನು ಹಿಂದೆ ಬಿದ್ದೆ ಎನಿಸುತ್ತಿತ್ತು. ಸಣ್ಣಪುಟ್ಟ ಕೆಲಸ ಸ್ವಂತಕ್ಕೆ ಹಿಡಿಯತೊಡಗಿದ ಮೇಲಂತೂ ಮಾರುವುದು, ಕೊಳ್ಳುವುದು, ಮತ್ತೆ ಮಾರುವುದು. ಒಂದರ ಗುಂಡಿಗಳು ಬೆರಳಿಗೆ ರೂಢಿಯಾಗುವ ಮೊದಲೇ ಇನ್ನೊಂದಕ್ಕೆ ಕೈ ಹಾಕುತ್ತಿದ್ದೆ. ಸೂಪರ್ ಮಾರ್ಕೆಟ್ ಕಡೆಯ ಕ್ಯಾಮೆರಾ ಅಂಗಡಿಯವರಿಗೆ ನನ್ನ ಫೋನ್ ನಂಬರ್ ಬಾಯಿಪಾಠವಾಗಿತ್ತು. "ಮೇಡಂ, ಒಳಗ ಕನ್ನಡಿ ಇರೋ ಕ್ಯಾಮೆರಾ ಇನ್ನ ಬರಂಗಿಲ್ರಿ. ಈಗ ಬದಲಿ ಮಾಡ್ಲಿಲ್ಲಂದ್ರ ನಿಮ್ಮದು ಯಾರೂ ಮೂಸಿ ನೋಡಂಗಿಲ್ಲ" ಎಂದು ಅವರು ಹೆದರಿಸಿದ ದಿನ ನನಗೆ ಊಟ ಸೇರಲಿಲ್ಲ.

ಆಪಾ ಅವರದೂ ನನ್ನದೂ ಒಂದೇ ಕಂಪನಿಯ, ಕನ್ನಡಿ ಇರುವ ಹಳೆಯ ತರಹದ ಕ್ಯಾಮೆರಾ. ಅವರ ಲೆನ್ಸುಗಳು ನನಗೂ ಆಗುತ್ತಿದ್ದವು. ಅಂಗಡಿಯವರು ತೋರಿಸಿದ್ದು ಕನ್ನಡಿಯಿಲ್ಲದ್ದು, ಮಿರರ್‌ಲೆಸ್, ಬೇರೆ ಕಂಪನಿಯದು. ಅತ್ತ ಹೋದರೆ ಲೆನ್ಸು, ಬ್ಯಾಟರಿ ಎಲ್ಲವೂ ಹೊಸದೇ ಆಗಬೇಕು, ತಿರುಗಿ ಬರುವ ಹಾದಿ ಇಲ್ಲ. ಹೋಗದಿದ್ದರೆ ಹಿಂದೆ ಉಳಿಯುವ ಭಯ. ತಿಂಗಳುಗಟ್ಟಲೆ ಆಪಾ ಮುಂದೆ ಇದನ್ನೇ ಕೊರೆದೆ. ಆಪಾ ನಕ್ಕರು. "ಕ್ಯಾಮೆರಾ ಬದಲಿ ಮಾಡಿದ್ರ ಅಂಜಿಕಿ ಬದಲಿ ಆಗ್ತದ ಬೇಟಿ, ಹೋಗಂಗಿಲ್ಲ. ಹಳೇ ಅಂಜಿಕಿ ಗುರ್ತಿಂದಾದ್ರೂ ಇರ್ತದ."

ಆ ಚಳಿಗಾಲ ಕಮಲಾಪುರದಿಂದಲೇ ಕರೆ ಬಂತು. ಅಪ್ಪ ಬಾಳೆಗೊನೆ ಹಾಕುವ ಮಂಡಿಯವರ ಮನೆ, ಹಿರಿಯ ಮಗಳ ಮದುವೆ. ನಾನು ಆ ಹೊಸ ಕ್ಯಾಮೆರಾವನ್ನು ಬಾಡಿಗೆಗೆ ತಂದೆ. ಆಪಾ ಅವರ ಕೈಗೆ ಒಮ್ಮೆ ಕೊಟ್ಟು ನೋಡೋಣ, ಅವರೂ ಬದಲಿಸಿದರೆ ನನ್ನ ಭಯ ಅರ್ಧವಾಗುತ್ತದೆ ಎಂಬ ಲೆಕ್ಕ ನನ್ನದು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಅವರ ಮನೆಗೆ ಹೋದಾಗ, ಆಪಾ ತಲೆಗೆ ನೀರು ಹಾಕಿಕೊಂಡು, ಬಿಳಿ ಕೂದಲನ್ನು ಬಿಸಿಲಿಗೆ ಹರವಿ ಅಂಗಳದಲ್ಲಿ ಕೂತಿದ್ದರು. ನಾನು ಕ್ಯಾಮೆರಾ ಎತ್ತಿದೆ. ಪರದೆಯ ಮೇಲೆ ಒಂದು ಹಸಿರು ಚೌಕ ತಾನಾಗಿಯೇ ಹೋಗಿ ಅವರ ಕಣ್ಣಿನ ಮೇಲೆ ಕೂತಿತು. ಹಳೆಯದರಲ್ಲಿ ಈ ಗುರಿಯನ್ನು ಕಣ್ಣಿಟ್ಟು ನಾವೇ ಹೊಂದಿಸಬೇಕಿತ್ತು. ಒತ್ತಿದೆ. ರೆಪ್ಪೆಗೂದಲು ಒಂದೊಂದೂ ಬೇರೆ ಬೇರೆಯಾಗಿ ಬಂದಿತ್ತು. ಆಪಾ ಕ್ಯಾಮೆರಾ ಇಸಿದುಕೊಂಡು ನನ್ನ ಮುಖಕ್ಕೆ ಹಿಡಿದರು, ಆಚೀಚೆ ಅಲ್ಲಾಡಿಸಿದರು. ಚೌಕ ನನ್ನ ಕಣ್ಣನ್ನು ಬಿಡಲಿಲ್ಲ.

"ಇದಕ್ಕ ತಾನ ಕಾಣ್ತದೇನು?" ಎಂದರು. ದನಿಯಲ್ಲಿ ಆಸೆ ಇತ್ತು. ವಸ್ತುವಿನ ಮೇಲೆ ಅಂಥ ಆಸೆಯನ್ನು ನಾನು ಅವರಲ್ಲಿ ಕಂಡಿರಲಿಲ್ಲ.

ಅಷ್ಟರಲ್ಲಿ ಚಾಪೆಯ ಮೇಲಿದ್ದ ನನ್ನ ಫೋನು ಬೆಳಗಿತು. ಅದರ ತುಂಬ ಆಪಾ, ಕೂದಲು ಬಿಚ್ಚಿಕೊಂಡು, ತಲೆಯ ಮೇಲೆ ಸೆರಗಿಲ್ಲದೆ.

"ಇದು ಅಲ್ಲಿಗೆ ಹೆಂಗ ಹೋತು?"

ಬೆಳಿಗ್ಗೆ ಕ್ಯಾಮೆರಾವನ್ನು ಫೋನಿಗೆ ಜೋಡಿಸಿ ನೋಡಿದ್ದೆ. ತೆಗೆದ ಚಿತ್ರವನ್ನೆಲ್ಲ ಅದು ತಾನೇ ಫೋನಿಗೆ ಕಳಿಸುತ್ತದೆ, ಫೋನು ಇಂಟರ್ನೆಟ್ಟಿಗೆ ಏರಿಸುತ್ತದೆ, ಹಾಗಾಗಿ ಕಾರ್ಡು ಕೆಟ್ಟರೂ ಭಯವಿಲ್ಲ ಎಂದು ವಿವರಿಸಿದೆ. ನಾನು ಹೇಳುತ್ತಿದ್ದಂತೆ ಆಪಾ ಸೆರಗು ಎಳೆದು ತಲೆ ಮುಚ್ಚಿಕೊಂಡರು. ಮನೆಯಲ್ಲಿ ನಾವಿಬ್ಬರೇ ಇದ್ದೆವು.

"ಬಂದ್ ಮಾಡಾಕ ಬರ್ತದೇನು?"

"ಬರ್ತದ್ರಿ. ಇಲ್ಲಿ ಬರದದ ನೋಡ್ರಿ" ಎಂದು ಆ ಸಾಲನ್ನು ತೆರೆದು ಕ್ಯಾಮೆರಾ ಕೊಟ್ಟೆ. ಅವರು ಹತ್ತಿರ ಹಿಡಿದರು, ದೂರ ಹಿಡಿದರು. "ಹೂಂ, ಆಫ್ ಅಂತ ಬರದದ" ಎಂದರು.

ಆನ್ ಎಂದಿತ್ತು. ನಾನಿನ್ನೂ ಅದನ್ನು ಬಂದ್ ಮಾಡಿರಲಿಲ್ಲ.

ಇಷ್ಟು ದಿನ ರೆಪ್ಪೆಗೂದಲು ಕಾಣುತ್ತವೆಯೇ ಎಂದು ಅವರು ಕೇಳಿದ್ದು ಪಾಠವಾಗಿರಲಿಲ್ಲ. ಅವರಿಗೆ ಕಾಣುತ್ತಿರಲಿಲ್ಲ. "ಎಷ್ಟು ದಿನ ಆತ್ರಿ ಆಪಾ?" ಎಂದೆ. ಅವರು ಸುಳ್ಳು ಹೇಳಲು ಹೋಗಲಿಲ್ಲ.

"ಸಕ್ಕರಿ ಬ್ಯಾನಿ, ಕಣ್ಣಿಗೆ ಇಳದದ. ಕಿಂಡ್ಯಾಗ ಮಂಜು ಕವದಂಗ ಕಾಣ್ತದ. ಯಾರ ಮುಂದೂ ಅಂದಿಲ್ಲ. ಅಂದ್ರ ನಾಳಿಂದ ನನ್ನ ಯಾರು ಕರೀತಾರ?"

ಅವರ ಚಿತ್ರವನ್ನು ಕ್ಯಾಮೆರಾದಿಂದ, ಫೋನಿನಿಂದ, ಇಂಟರ್ನೆಟ್ಟಿನಿಂದ ಅಳಿಸಿದೆ. ನಡುವೆ ಚಾಪೆಯ ಮೇಲೆ ಎರಡು ಕ್ಯಾಮೆರಾ, ಆಚೆ ಈಚೆ ನಾವಿಬ್ಬರು. ನಾಳೆ ಕಮಲಾಪುರಕ್ಕೆ ಯಾವುದನ್ನು ಒಯ್ಯುವುದು? ಹಳೆಯದರಲ್ಲಿ ಅವರಿಗೆ ಮದುಮಗಳ ಕಣ್ಣು ಕಾಣುವುದಿಲ್ಲ, ಹೊಸದರಲ್ಲಿ ಅಕ್ಷರ ಕಾಣುವುದಿಲ್ಲ. ಆಪಾ ಹಳೆಯದನ್ನು ತಮ್ಮ ಕಡೆ ಎಳೆದುಕೊಂಡರು.

"ಇದ್ರಾಗ ತಪ್ಪಿದ್ರ ಚಿತ್ರ ಮಸಕ ಆಗ್ತದ, ನನ್ನ ಹೆಸರು ಹೋಗ್ತದ. ಅದ್ರಾಗ ತಪ್ಪಿದ್ರ ಚಿತ್ರ ಹೊರಗ ಹೋಗ್ತದ, ಆ ಹುಡುಗಿ ಹೆಸರು ಹೋಗ್ತದ."

"ಬಂದ್ ಮಾಡೀನಲ್ರಿ ಆಪಾ. ನಾ ನೋಡೀನಿ."

"ನೀ ನೋಡೀದಿ. ಅವರು ಕೇಳೋದು ನನಗ. ನಾ ನೋಡಿಲ್ಲಲ್ಲ" ಎಂದರು.

ಮರುದಿನ ಇಬ್ಬರೂ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆವು. ಹೊಸ ಕ್ಯಾಮೆರಾ ಆಪಾ ಅವರ ಮನೆಯ ಕಪಾಟಿನಲ್ಲೇ ಉಳಿದಿತ್ತು. ಮಂಡಿಯವರ ಮನೆಯ ಒಳಕೋಣೆಯಲ್ಲಿ ಮದುಮಗಳು ಎರಡೂ ಕೈಗೆ ಮೆಹಂದಿ ಹಚ್ಚಿಸಿಕೊಂಡು ಕೂತಿದ್ದಳು. ಸುತ್ತ ಅತ್ತೆ, ಚಿಕ್ಕಮ್ಮಂದಿರು, ಗೆಳತಿಯರು. ಆಪಾ ಬಿಸ್ಮಿಲ್ಲಾ ಎಂದು ಒತ್ತಿದರು. ನನ್ನನ್ನು ಕರೆದರು.

"ರೆಪ್ಪಿಗೂದಲು ಕಾಣ್ತಾವೇನು?"

ಚಿತ್ರವನ್ನು ದೊಡ್ಡದು ಮಾಡಿದೆ. ಕಿವಿಯ ಝುಮಕಿ ಚೊಕ್ಕವಾಗಿ ಬಂದಿತ್ತು. ಕಣ್ಣು ನೀರಿನೊಳಗಿಂದ ನೋಡಿದಂತಿತ್ತು. ಕಾಣುತ್ತವೆ ಎಂದರೆ ಈ ದಿನ ದಾಟುತ್ತದೆ, ಆದರೆ ಈ ಹುಡುಗಿಗೆ ತನ್ನ ಮದುವೆಯ ಒಂದು ಒಳ್ಳೆಯ ಚಿತ್ರವೂ ಇರುವುದಿಲ್ಲ. ಇಲ್ಲ ಎಂದರೆ ಆಪಾ ಅವರ ಮೂವತ್ತು ವರ್ಷ ಇಲ್ಲೇ, ಇಷ್ಟು ಜನರ ಎದುರಿಗೆ ಮುಗಿಯುತ್ತದೆ. ಅವರಿಗಷ್ಟೇ ಕೇಳುವಂತೆ "ಇಲ್ರಿ" ಎಂದೆ. ಅವರು ಇನ್ನೊಂದು ತೆಗೆದರು.

"ಈಗ?"

"ಇಲ್ರಿ ಆಪಾ."

ಆಪಾ ಕ್ಯಾಮೆರಾದ ಪಟ್ಟಿಯನ್ನು ಕೊರಳಿಂದ ತೆಗೆದು ನನ್ನ ಕೊರಳಿಗೆ ಹಾಕಿದರು. ಆಮೇಲೆ ಮದುಮಗಳ ತಾಯಿಯನ್ನು ಕರೆದರು.

"ಯಾಕ ಆಪಾ, ಬ್ಯಾಟರಿ ಹೋತೇನ್ರಿ?"

"ಬ್ಯಾಟರಿ ಅಲ್ಲ, ನನ್ನ ಕಣ್ಣು ಹೋಗ್ಯಾವ. ಇನ್ನ ಮ್ಯಾಲ ಇಕಿ ತೆಗೀತಾಳ."

ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಯಾರ ಮಗಳು ಎಂದು ಅವರಿಗೆ ಗೊತ್ತು. ನನ್ನ ತಮ್ಮಂದಿರು ಅವರ ಮಂಡಿಯ ಮುಂದೆಯೇ ಬೈಕ್ ನಿಲ್ಲಿಸಿಕೊಂಡು ಹರಟುವವರು. "ಇಕಿ ನಮ್ಮ ಊರಾಕಿ ಆಪಾ. ನಾಳಿ ಒಂದು ಚಿತ್ರ ಬಜಾರದಾಗ ತಿರುಗಿದ್ರ ನಾವು ಮುಖ ಹೆಂಗ ತೋರ್ಸೋದ್ರಿ? ನಾವು ನಿಮ್ಮನ್ನ ನಂಬಿ ಕರ್ಸೀವಿ" ಎಂದರು. ತಪ್ಪು ಮಾತೇನಲ್ಲ. ಅದನ್ನು ಕೇಳಿ ನನಗೇ ನನ್ನ ಮೇಲೆ ಭಯವಾಯಿತು.

"ಅದಕ್ಕ ಇಕಿನ್ನ ಕರ್ಕೊಂಡು ಬಂದೀನಿ. ನನಗಿಂತ ಅಂಜುಬುರಕಿ ಇದ್ದಾಳ" ಎಂದರು ಆಪಾ. ನನ್ನ ಚೀಲದಿಂದ ಫೋನು ತೆಗೆದು ತಾಯಿಯ ಕೈಯಲ್ಲಿಟ್ಟರು. "ಕಾರ್ಯ ಮುಗಿಯೋತನ ಇದು ನಿಮ್ಮ ಹತ್ರ ಇರ್ಲಿ. ಕಾರ್ಡ್ ನಿಮ್ಮ ಕೈಗೆ ಬಂದ ಮ್ಯಾಲ ಇಕಿಗೆ ಕೊಡ್ರಿ."

ತಾಯಿ ಫೋನನ್ನು ಸೆರಗಿನ ತುದಿಗೆ ಕಟ್ಟಿಕೊಂಡು, "ತೆಗಿ" ಎಂದರು.

ತೆಗೆದೆ. ಆಪಾ ನನ್ನ ಹಿಂದೆ ನಿಂತು ಬೆನ್ನಿನ ಮೇಲೆ ಅಂಗೈ ಇಟ್ಟಿದ್ದರು, ಎಲ್ಲ ಮುಗಿಯುವವರೆಗೂ ತೆಗೆಯಲಿಲ್ಲ. ಹೀಗೆ ಮಾಡು, ಹಾಗೆ ಮಾಡು ಎನ್ನಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೇಳಿದರು. "ಅಂಜಿಕಿ ಬಂದಿತ್ತೇನು?"

"ಭಾಳ್ರಿ."

"ಹಂಗಾರ ಮುಂದಿಂದಕ್ಕ ನೀ ಒಬ್ಬಾಕಿನ ಹೋಗು." ಕಿಟಕಿಯ ಕಡೆ ಮುಖ ತಿರುಗಿಸಿ ಮಾತು ಮುಂದುವರಿಸಿದರು. "ಆ ಹೊಸದು ತಗೋ. ಸಣ್ಣ ಅಕ್ಷರ ನಿನಗ ಕಾಣ್ತಾವ. ಆದ್ರ ತಗೊಂಡು ಅಲ್ಲೇ ನಿಂದ್ರು. ಅದ್ರ ಅಂಜಿಕಿ ಪೂರಾ ಕಲಿಯಾಕ ನಿನ್ನ ಆಯುಷ್ಯ ಬೇಕು."

ತಗೊಂಡೆ, ಅಲ್ಲೇ ನಿಂತೆ. ಅಂಗಡಿಯವರು ಈಗಲೂ ಫೋನ್ ಮಾಡುತ್ತಾರೆ. ಹೊಸ ಮಾಡೆಲ್ಲಿನ ಗುಣಗಾನ ಕೇಳಿ ಈಗಲೂ ಹಿಂದೆ ಬಿದ್ದೆ ಎನಿಸುತ್ತದೆ, ಸುಳ್ಳೇಕೆ ಹೇಳಲಿ. ಕೇಳಿಕೊಂಡು ಫೋನ್ ಇಡುತ್ತೇನೆ.

ಆಪಾ ಆಮೇಲೆ ಕ್ಯಾಮೆರಾ ಮುಟ್ಟಲಿಲ್ಲ. ವರ್ಷದೊಳಗೆ ಕಣ್ಣು ಪೂರಾ ಮಂಜಾದವು, ಮಗಳು ಬಂದು ಜೊತೆಗೆ ನಿಂತಳು. ಕೆಲಸಕ್ಕೆ ಹೊರಡುವ ಮುನ್ನ ಅವರಿಂದ ಕರೆ ಬರುತ್ತಿತ್ತು, ಫೋನು ತಾಯಿಯ ಕೈಗೆ ಕೊಡುವುದನ್ನು ಮರೆಯಬೇಡ ಎಂದು. ಮುಗಿಸಿಕೊಂಡು ನೇರವಾಗಿ ಅವರ ಮನೆಗೆ ಹೋಗುತ್ತಿದ್ದೆ. ತೋರಿಸಲು ನನ್ನ ಬಳಿ ಚಿತ್ರ ಇರುತ್ತಿರಲಿಲ್ಲ, ಇದ್ದರೂ ಅವರಿಗೆ ಕಾಣುತ್ತಿರಲಿಲ್ಲ. "ಮದುಮಗಳು ನಕ್ಕಳೇನು?" ಎಂದು ಮಾತ್ರ ಕೇಳುತ್ತಿದ್ದರು. ನಕ್ಕಳು ಎಂದರೆ ಅವರಿಗೆ ಅಷ್ಟು ಸಾಕಾಗುತ್ತಿತ್ತು.

ಹೋದ ವರ್ಷ ಮಂಡಿಯವರ ಕಿರಿಯ ಮಗಳ ಮದುವೆಗೆ ನನ್ನನ್ನೇ ಕರೆದರು. ಫೋನು ಎಂದಿನಂತೆ ತಾಯಿಯ ಬಳಿ ಇತ್ತು. ಶಾಸ್ತ್ರ ಮುಗಿದು ಹೆಣ್ಣುಮಕ್ಕಳು ಊಟಕ್ಕೆ ಎದ್ದಾಗ ಅವರು ಬಾಗಿಲಲ್ಲಿ ನಿಂತು, ಫೋನನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ನನ್ನ ಫೋನಿಗೆ ಆಪಾ ಅವರ ಮಗಳ ಕರೆ ಬಂದಿತ್ತಂತೆ.

"ಆಪಾ ತೀರಿ ಹೋಗ್ಯಾರ ಅವ್ವಿ. ಶಾಸ್ತ್ರ ಮುಗಿಯೋತನ ನಾನ ಹೇಳದ ತಡದೀನಿ, ಸಿಟ್ಟಾಗಬ್ಯಾಡ" ಎಂದರು. ನನ್ನ ಭುಜ ಹಿಡಿದುಕೊಂಡರು. "ಈಗ ಬಸ್ ಅದ, ಹೊಂಡು. ಕಾರ್ಡ್ ತೆಗಿಯಾಕ ನಿಂದ್ರಬ್ಯಾಡ, ಸಂಗಟ ಒಯ್ಯಿ, ನಾಳಿ ನಾಡದ ತಂದು ಕೊಡು. ನಿನ್ನ ಮ್ಯಾಲ ನಂಬಿಗಿ ಅದ."

ಮೂವತ್ತು ವರ್ಷದಲ್ಲಿ ಆಪಾ ಅವರಿಗೂ ಯಾವ ತಾಯಿಯೂ ಹೀಗೆ ಕಾರ್ಡು ಒಯ್ಯಲು ಹೇಳಿರಲಿಲ್ಲ. ನನಗೆ ಹೆಮ್ಮೆಯಾಗಬೇಕಿತ್ತು. ಆದದ್ದು ಭಯ. ಸಂತೆಯ ದಿನದ ಬಸ್ಸು, ಆ ನೂಕುನುಗ್ಗಲು, ಅದರೊಳಗೆ ಒಬ್ಬ ಹುಡುಗಿಯ ತೆರೆದ ಮುಖದ ಚಿತ್ರಗಳನ್ನೆಲ್ಲ ಹೊತ್ತುಕೊಂಡು ನಾನು. "ಬ್ಯಾಡ್ರಿ" ಎಂದೆ. ಕ್ಯಾಮೆರಾದ ಮುಚ್ಚಳ ಒಂದೇ ಸಲಕ್ಕೆ ತೆರೆಯಲಿಲ್ಲ. ಕಾರ್ಡು ತೆಗೆದು ಅವರ ಅಂಗೈಯಲ್ಲಿಟ್ಟು, ಅವರು ಮುಷ್ಟಿ ಮುಚ್ಚುವುದನ್ನು ನೋಡಿ, ಫೋನು ಇಸಿದುಕೊಂಡು ಹೊರಟೆ.

ಬಸ್ಸಿನಲ್ಲಿ ಸೀಟು ಸಿಕ್ಕಿ, ಖಾಲಿ ಕ್ಯಾಮೆರಾವನ್ನು ತೊಡೆಯ ಮೇಲೆ ಇಟ್ಟುಕೊಂಡ ಮೇಲೆ ಅಂಜಿಕೆ ಇಳಿಯಿತು, ಅಳು ಬಂತು.