ಅಕ್ಕನ ಜೇನುಪೆಟ್ಟಿಗೆಗೆ ಹುಳು ಬಿದ್ದ ದಿನ

ನಾನು ಚಿಕ್ಕವಳಿದ್ದಾಗ ಕೊಡ್ಲಿ ಎಂಬ ಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ, ಬೇವಿನ ನೆರಳಿಗೆ ಒಂದು ಜೇನುಪೆಟ್ಟಿಗೆ ಇತ್ತು. ಚಿಂಚೋಳಿ ಅಡವಿಯಿಂದ ಜೇನು ತರಿಸಿ ಅಪ್ಪ ಅದನ್ನು ಅಕ್ಕನಿಗಾಗಿ ಇಟ್ಟಿದ್ದರು. ಮದುವೆಯಾದ ಮರುವರ್ಷವೇ ಅಕ್ಕನ ಗಂಡ ಜ್ವರದಿಂದ ತೀರಿಕೊಂಡಿದ್ದ. ತವರಿಗೆ ಬಂದ ಅಕ್ಕ ಮಾತನ್ನೇ ಬಿಟ್ಟುಬಿಟ್ಟಿದ್ದಳು. ಪೆಟ್ಟಿಗೆಯ ಪಕ್ಕ ಕುಳಿತು ಆ ಗುಂಯ್‌ಗುಡುವ ಸದ್ದು ಕೇಳುವಾಗ ಮಾತ್ರ ಅವಳ ಮುಖ ಸಡಿಲಾಗುತ್ತಿತ್ತು.

ಆ ವರ್ಷ ಹಿಡಿದ ಮಳೆ ಬಿಡಲಿಲ್ಲ. ಹೂವಿಲ್ಲದೆ ಜೇನು ಸೊರಗಿತು. ಒಂದು ಮುಂಜಾನೆ ಪೆಟ್ಟಿಗೆಯ ಬಾಯಲ್ಲಿ ಓಡಾಟವೇ ಕಾಣಲಿಲ್ಲ. ಅಪ್ಪ ಮುಚ್ಚಳ ತೆಗೆದರು. ಗಪ್ಪನೆ ಮುಗ್ಗಲು ವಾಸನೆ ಬಂತು. ಜೇನುಗಳು ಕಟ್ಟಿದ್ದ ಮೇಣದ ಎರಿಗಳ ತುಂಬ ಬಿಳಿ ಬಲೆ. ಬಲೆಯೊಳಗೆ ಬೂದುಬಣ್ಣದ ಹುಳುಗಳು ಮೇಣ ಕೊರೆಯುತ್ತಿದ್ದವು. ಯಾವಾಗಲೋ ಬಿರುಕಿನಲ್ಲಿ ನುಸುಳಿದ ಪತಂಗಗಳು ಅಲ್ಲಿ ಮೊಟ್ಟೆಯಿಟ್ಟಿದ್ದವು. ಅಳಿದುಳಿದ ಜೇನುಗಳು ಮೂಲೆಯ ಒಂದೇ ಎರಿಗೆ ಕವುಚಿಕೊಂಡಿದ್ದವು.

"ಇದು ಉಳಿಯಂಗಿಲ್ಲ. ಪೆಟ್ಟಿಗಿ ಸಮೇತ ಸುಟ್ಟುಬಿಡೂಣು," ಎಂದು ಅಪ್ಪ ಕಟ್ಟಿಗೆ ತರಲು ಹೊರಟರು.

"ಬ್ಯಾಡ್ರಿ ಅಪ್ಪಾ," ಅಂದಳು ಅಕ್ಕ. ಅವಳ ದನಿ ಕೇಳಿ ಒಲೆಯ ಮುಂದಿದ್ದ ಅವ್ವ ಹೊರಗೆ ಓಡಿಬಂದಳು.

"ಆ ಎರಿಯೊಳಗ ಮರಿ ಅವ. ಅದಕ್ಕೇ ಬಿಟ್ಟು ಹೋಗಿಲ್ಲ. ನೋಡ್ರಿ, ಹೆಂಗ ಅಪ್ಪಿಕೊಂಡು ಕುಂತಾವ!" ಎಂದಳು ಅಕ್ಕ.

ಅಪ್ಪ ಅಕ್ಕನ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ, "ಹೇಳವ್ವಾ, ಏನ್ ಮಾಡೂಣು?" ಎಂದರು.

ಅಕ್ಕ ಸೆರಗು ಬಿಗಿದಳು. ಸಗಣಿ ಕುಳ್ಳಿನ ಹೊಗೆ ಹಿಡಿದು, ಮರಿಯಿದ್ದ ಎರಿಯನ್ನು ಜೇನುಗಳ ಸಮೇತ ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿದಳು. ಹುಳು ತಿಂದ ಎರಿಗಳನ್ನು ಒಂದೊಂದಾಗಿ ಕೊಯ್ದು ಕೊಟ್ಟಳು. ಅಪ್ಪ ಅವನ್ನು ಬೆಂಕಿಗೆ ಹಾಕಿದರು. ಮೇಣ ಚಟಚಟ ಉರಿಯಿತು. ಅವ್ವ ಪೆಟ್ಟಿಗೆಗೆ ಕುದಿಯುವ ನೀರು ಸುರಿದಳು. ಅದನ್ನು ಒರೆಸಿ, ಒಣಗಿಸಿ, ಬಿರುಕುಗಳಿಗೆ ಮಣ್ಣು ಮೆತ್ತಿದೆವು. ಕೊನೆಗೆ ಅಕ್ಕ ಉಳಿದ ಎರಿಯನ್ನು ಬಾಳೆಯ ನಾರಿನಿಂದ ಕಟ್ಟಿ ಒಳಗೆ ತೂಗುಹಾಕಿದಳು. ಜೇನು ಕಚ್ಚಿ ಅವಳ ಕೈ ಊದಿತ್ತು. ಅವಳು ಅಳುತ್ತಿದ್ದಳು. ಗಂಡ ಸತ್ತಾಗಲೂ ಅಕ್ಕ ಅತ್ತಿರಲಿಲ್ಲವಂತೆ. ಅವ್ವ ಅವಳನ್ನು ಸುಮ್ಮನಿರಿಸಲು ಹೋಗಲಿಲ್ಲ, ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತಳು.

ಅರ್ಧಕ್ಕರ್ಧ ಜೇನು ಸತ್ತುಹೋದವು. ಉಳಿದವು ಹೇಗೋ ಜೀವ ಹಿಡಿದವು. ಅಕ್ಕ ದಿನವೂ ಪೆಟ್ಟಿಗೆಯ ತಳ ಗುಡಿಸಿ, ಹುಳು ಕಂಡರೆ ಆಯ್ದು ಹಾಕುತ್ತಿದ್ದಳು. ತೊಗರಿ ಹೊಲಗಳು ಹೂಬಿಟ್ಟು ಹಳದಿಯಾದಾಗ ಜೇನುಗಳು ಹೊಸ ಎರಿ ಕಟ್ಟಿದವು, ಹಾಲಿನಂಥ ಬಿಳುಪು.

ಮಕ್ಕಳೇ, ನಿಮ್ಮ ಮನೆಗೆ ಜೇನು ಬಾಟಲಿಯಲ್ಲಿ ಬರುತ್ತದೆ. ಏನು ತಿನ್ನುತ್ತೀರಿ, ಯಾವ ಅಂಗಿ ಬೇಕು, ಎಲ್ಲಿಗೆ ಹೋಗೋಣ ಎಂದು ನಾವು ನಿಮ್ಮನ್ನು ದಿನವೂ ಕೇಳುತ್ತೇವೆ. ನೀವು ಮೊಬೈಲಿನಿಂದ ತಲೆಯೆತ್ತದೆ, "ಏನಾದರೂ ಆಗಲಿ ಅಜ್ಜಿ" ಅನ್ನುತ್ತೀರಿ. ನನಗೆ ಸಿಟ್ಟಿಲ್ಲ. ಆದರೆ ನಮ್ಮ ಕಾಲದಲ್ಲಿ ಅಕ್ಕನಂಥವರನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. "ಏನ್ ಮಾಡೂಣು?" ಎಂಬ ಅಪ್ಪನ ಆ ಒಂದು ಪ್ರಶ್ನೆಗಾಗಿ ಅವಳು ಎಷ್ಟು ಕಾಲದಿಂದ ಕಾದಿದ್ದಳೋ, ನನಗೆ ಇವತ್ತಿಗೂ ತಿಳಿಯದು.