ಎರಡು ಹೊತ್ತಿನ ಹಾಲಿನ ನಡುವೆ ಕೊಲ್ಲಾಪುರ

ಊರು ನೋಡಲು ಹೊರಡುವವರು ಸಾಮಾನ್ಯವಾಗಿ ಏನು ನೋಡುವುದು, ಎಲ್ಲಿ ಉಣ್ಣುವುದು ಎಂಬಲ್ಲಿಂದ ಲೆಕ್ಕ ಹಾಕುತ್ತಾರೆ. ಅದು ತಪ್ಪು. ಮನೆಯಲ್ಲಿ ಯಾವುದು ನಿಮ್ಮನ್ನು ಬಿಡುವುದಿಲ್ಲವೋ ಅದನ್ನು ಮೊದಲು ಒಪ್ಪಿಸಿ. ಉಳಿದದ್ದನ್ನು ಬಸ್ಸು ನೋಡಿಕೊಳ್ಳುತ್ತದೆ. ಎಂಬತ್ತರ ದಶಕದ ಕೊನೆಗೆ ಅವ್ವನಿಗೆ ಒಂದು ದಿನ ಕೊಲ್ಲಾಪುರ ತೋರಿಸಲು ಹೊರಟಾಗ ನಾನು ಕಲಿತ ಪಾಠ ಇದು. ನಮ್ಮನ್ನು ಬಿಡದೆ ಇದ್ದದ್ದು ಒಂದು ಎಮ್ಮೆ.

ನಾವಿದ್ದದ್ದು ಚಿಕ್ಕೋಡಿ ಹತ್ತಿರದ ಕರೋಶಿಯಲ್ಲಿ. ಅಪ್ಪನಿಗೆ ಹೊಲ, ಅವ್ವನಿಗೆ ಎಮ್ಮೆ, ನನಗೆ ಚೀಲದ ವ್ಯಾಪಾರ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಖಾಲಿಯಾದ ಗೋಣಿಚೀಲ ಕೊಂಡು, ಹರಿದದ್ದನ್ನು ಹೊಲಿಸಿ, ಕೊಲ್ಲಾಪುರದ ಮಾರ್ಕೆಟ್ ಯಾರ್ಡಿನಲ್ಲಿ ಮಾರುತ್ತಿದ್ದೆ. ಆರನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಬಾಯಿಯೇ ಬಂಡವಾಳ. ವಾರಕ್ಕೊಮ್ಮೆ ಕೊಲ್ಲಾಪುರಕ್ಕೆ ಹೋಗುತ್ತಿದ್ದೆನಾದರೂ ಅಲ್ಲಿ ನಾನು ಕಂಡದ್ದು ಯಾರ್ಡು, ಬಸ್ ನಿಲ್ದಾಣ, ಎರಡರ ನಡುವೆ ಒಂದು ಚಹಾದ ಅಂಗಡಿ ಅಷ್ಟೇ. ನನ್ನ ಹೆಂಡತಿ ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾದ ಹೊಸತರಲ್ಲಿ ಇದನ್ನು ಕೇಳಿ ನಕ್ಕಿದ್ದಳು.

"ಅಲ್ರೀ, ನೀವು ಹೋಗೂದು ಕೊಲ್ಲಾಪುರಕ್ಕೋ, ಚೀಲಕ್ಕೋ?"

ಅವ್ವನ ಕಥೆ ಇನ್ನೂ ಬೇರೆ. ಆ ಎಮ್ಮೆಯಾಗಲಿ, ಮೊದಲಿದ್ದ ಅದರ ತಾಯಿಯಾಗಲಿ ಅವಳ ಕೈಗಲ್ಲದೆ ಯಾರ ಕೈಗೂ ಹಾಲು ಇಳಿಸುತ್ತಿರಲಿಲ್ಲ. ಮುಂಜಾನೆ ಐದಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಅವಳೇ ಕೂರಬೇಕು. ಈ ಎರಡು ಐದರ ನಡುವೆ ಎಷ್ಟು ದೂರ ಹೋಗಿ ಬರಬಹುದೋ ಅಷ್ಟೇ ಅವ್ವನ ಜಗತ್ತು. ಸ್ವಂತ ತಮ್ಮನ ಮದುವೆಯಲ್ಲೂ ಅಕ್ಷತೆ ಹಾಕಿ, ಊಟಕ್ಕೆ ಕುಳಿತವಳು ಬಸ್ಸಿನ ಸಪ್ಪಳ ಕೇಳಿ ಎಲೆ ಬಿಟ್ಟು ಎದ್ದು ಬಂದಿದ್ದಳು. ಓಣಿಯ ಹೆಂಗಸರು ಕೊಲ್ಲಾಪುರಕ್ಕೆ ಹೋಗಿ ಬಂದಾಗಲೆಲ್ಲ ಅವರನ್ನು ಕೂರಿಸಿಕೊಂಡು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಸಂಜೆ ದೀಪ ಹತ್ತಿದಾಗ ರಂಕಾಳ ಕೆರೆಯ ನೀರು ಹೆಂಗ ಕಾಣ್ತೈತಿ?

ಹೆಂಡತಿ ಒಂದು ದಿನ ರೊಟ್ಟಿ ಬಡಿಯುತ್ತಾ ಹೇಳಿದಳು, "ಅತ್ತಿ, ಕೇಳೂದ್ಯಾಕ, ನೋಡಿ ಬರೂಣು ಬರ್ರಿ. ದೀಪ ಹಚ್ಚೂತನ ಅಲ್ಲೇ ಇದ್ದು, ರಾತ್ರಿಗೆ ನಿಪ್ಪಾಣ್ಯಾಗ ನಮ್ಮವ್ವನ ಮನ್ಯಾಗ ಮಲಗಿ, ಮರುದಿನ ಬರೂಣು."

"ಎಮ್ಮಿನ್ನೂ ನಿಮ್ಮವ್ವನ ಮನಿಗೆ ಕರಕೊಂಡ ಹೋಗೂಣೇನ ಬೇ?" ಎಂದಳು ಅವ್ವ. ನಕ್ಕಳು, ಆದರೆ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತಳು. ಆ ರೊಟ್ಟಿ ಕರಕಾಯಿತು. ಎದುರಿಗಿದ್ದವನಿಗೆ ಮಾಲು ಬೇಕಾಗಿದೆಯೋ ಇಲ್ಲವೋ ಎಂದು ಅವನ ಬಾಯಿಂದ ತಿಳಿಯಬಾರದು, ಕೈಯಿಂದ ತಿಳಿಯಬೇಕು. ಅವ್ವನಿಗೆ ಬೇಕಾಗಿತ್ತು.

ಮೊದಲು ಹೆಂಡತಿ ಹಾಲು ಹಿಂಡಲು ಚರಗಿ ಹಿಡಿದು ಕುಳಿತಳು. ಎಮ್ಮೆ ಒಂದೇ ಒದೆತಕ್ಕೆ ಚರಗಿಯನ್ನು ಗೋದಲಿಯಾಚೆ ಕಳಿಸಿತು. ಆಮೇಲೆ ನಾನು ಕುಳಿತೆ. ನನ್ನ ಮೈಗೆಲ್ಲ ತಂಬಾಕಿನ ಚೀಲದ ಘಾಟು. ಎಮ್ಮೆ ಮೂಸಿತು, ಸೀನಿತು, ನನ್ನ ಮೇಲೆಯೇ ಸೀನಿತು. ಕೆಳ ಓಣಿಯಲ್ಲಿ ಕುರಿ ಕಾಯುವ ಒಬ್ಬ ಮುದುಕ ಇದನ್ನೆಲ್ಲ ನೋಡಿ ಬುದ್ಧಿ ಹೇಳಿದ. "ಎಮ್ಮಿ ಮಾರಿ ನೋಡೂದಿಲ್ಲೋ ತಮ್ಮಾ, ಸೀರಿ ನೋಡ್ತೈತಿ, ವಾಸನಿ ನೋಡ್ತೈತಿ. ನಿಮ್ಮವ್ವ ಉಟ್ಟು ಬಿಟ್ಟ ಸೀರಿ ಉಟಗೊಂಡು ಕುಂದರ್ರಿ. ಹತ್ತ ದಿನದಾಗ ಬಗ್ಗತೈತಿ."

ಹೆಂಡತಿ ನಮ್ಮ ಜೊತೆ ಬರುವವಳು. ನನ್ನ ಘಾಟು ಸೀರೆಯಿಂದ ಮುಚ್ಚುವಂಥದ್ದಲ್ಲ. ಮನೆಯಲ್ಲಿ ಉಳಿಯುವವನು ಅಪ್ಪ ಒಬ್ಬನೇ. ಎರಡು ಕಡೆ ಹುರಿ ಮಾಡಿದ ಮೀಸೆ, ತಲೆಗೆ ಸದಾ ಪಟಕಾ, ಊರ ಪಂಚಾಯ್ತಿಯಲ್ಲಿ ಅವನು ಕೆಮ್ಮಿದರೆ ನಾಲ್ಕು ಜನ ಸುಮ್ಮನಾಗುತ್ತಿದ್ದರು. ಅಂಥವನಿಗೆ ಸೀರೆ ಉಡು ಎಂದು ಹೇಳಬೇಕು. ಅಷ್ಟು ವರ್ಷ ಚೀಲ ಮಾರಿ ಕಲಿತದ್ದೆಲ್ಲ ಆ ಒಂದು ಮಾತಿಗೆ ಬೇಕಾಯಿತು.

ನಿಮಗೆ ಬೇಕಾದದ್ದನ್ನು ಎಂದೂ ಮೊದಲೇ ಕೇಳಬೇಡಿ. ಕೊಡಲಾಗದ್ದನ್ನು ಕೇಳಿ, ಆಮೇಲೆ ಇಳಿಯಿರಿ. ಅಪ್ಪ ಕಬ್ಬಿಗೆ ನೀರು ಬಿಡುತ್ತಿದ್ದಾಗ ಹೋಗಿ ಬದುವಿನ ಮೇಲೆ ಕುಳಿತೆ.

"ಅಪ್ಪಾ, ಅವ್ವನ್ನ ಕೊಲ್ಲಾಪುರಕ್ಕ ಕರಕೊಂಡ ಹೊಂಟೀನಿ. ಒಂದ ರಾತ್ರಿ ಎಮ್ಮಿ ಬಾಜೂಮನಿಯಾಕಿ ಕೈಗೆ ಕೊಡೂಣು."

"ಆಕಿ ಕೈಗೆ? ಆಕಿ ಹಾಲಿಗೆ ಹಾಕೋ ನೀರ ನೋಡಿ ಎಮ್ಮಿ ತಾನ ನೀರ ಕೊಡಾಕ ಕಲೀತೈತಿ."

"ಹಂಗಾದ್ರ ಮಾರಿಬಿಡೂಣು."

ಅಪ್ಪ ಸಲಿಕೆ ನಿಲ್ಲಿಸಿ ನನ್ನನ್ನು ನೋಡಿದ. "ಯಾಕಲೇ, ನಿಮ್ಮವ್ವನ್ನೂ ಕೂಡೇ ಮಾರ್ತಿಯೇನು?"

"ಮತ್ತೇನ ಮಾಡೂದು? ಇಪ್ಪತ್ತ ವರ್ಷ ಆತು, ಆಕಿ ಒಂದ ಲಗ್ನದಾಗ ಪೂರಾ ಉಂಡಿಲ್ಲ. ನೀ ಒಬ್ಬಾಂವ ಮನಸ್ಸ ಮಾಡಿದ್ರ ಮಾರೂದೂ ಬ್ಯಾಡ, ಕೊಡೂದೂ ಬ್ಯಾಡ." ಎಂದು ಮುದುಕನ ಮಾತನ್ನು ಮೆಲ್ಲಗೆ ಮುಂದಿಟ್ಟೆ.

ಅಪ್ಪನ ಮುಖ ಕೆಂಪಾಯಿತು. "ಲೇ! ಈ ಮೀಸಿಗೆ ಸೆರಗ ಹೊಚ್ಚತಿಯೇನ್ಲೇ?"

ನಾನು ಉತ್ತರ ಕೊಡಲಿಲ್ಲ. ಬೆಲೆ ಹೇಳಿದ ಮೇಲೆ ಮೊದಲು ಬಾಯಿ ತೆರೆದವನು ಸೋಲುತ್ತಾನೆ. ನೀರು ಒಂದು ಸಾಲು ತುಂಬಿ ಇನ್ನೊಂದಕ್ಕೆ ಹರಿಯಿತು. ಅಪ್ಪ ಮಣ್ಣು ಕಡಿದು ನೀರಿನ ಮಡೆ ತಿರುವಿದ. ಮೂರನೆಯ ಸಾಲಿಗೆ ಬಂದಾಗ ಬೆನ್ನು ನನ್ನ ಕಡೆ ಇದ್ದಂತೆಯೇ ಹೇಳಿದ, "ಬಾಗಲಾ ಮುಚ್ಚಿರಬೇಕು. ಪಟಕಾ ತಗಿಯೂದಿಲ್ಲ. ಊರಾಗ ಸೊಲ್ಲ ಎತ್ತಿದ್ರ ಕಾಲ ಮುರೀತೀನಿ."

ಒಪ್ಪಿಬಿಟ್ಟೆ. ಸಣ್ಣ ಷರತ್ತುಗಳನ್ನು ಒಪ್ಪಬೇಕು, ಅವು ತಾವಾಗಿಯೇ ಬಿದ್ದುಹೋಗುತ್ತವೆ. ಪಟಕಾದ ಷರತ್ತು ಮೊದಲ ದಿನವೇ ಬಿತ್ತು. ಹಸಿರು ಸೀರೆಯ ಮೇಲೆ ಕೆಂಪು ಪಟಕಾ ಕಂಡು ಎಮ್ಮೆ ಕಣ್ಣಿ ಹರಿಯುವಂತೆ ಜಗ್ಗಿತು. ಒಳಗಿನಿಂದ ಅಪ್ಪನ ಬೈಗುಳ, ಹೊರಗೆ ಬಾಗಿಲಿಗೆ ಕಿವಿ ಹಚ್ಚಿ ನಿಂತ ಅವ್ವನ ಸೂಚನೆ: "ಬೈಬ್ಯಾಡ್ರಿ, ಮೈ ತಿಕ್ಕರಿ. ಮೊದಲ ಮಾತಾಡಸ್ರಿ."

"ಏನಂತ ಮಾತಾಡ್ಸಲಿ? ಮಳಿ ಬೆಳಿ ಕೇಳಲೇನು?"

"ಕೇಳ್ರಿ. ನನಗ ಎಂದ ಕೇಳೀರಿ, ಆಕೀಗರೆ ಕೇಳ್ರಿ."

ಐದನೆಯ ದಿನ ಅರ್ಧ ಲೋಟ ಬಂತು. ಹನ್ನೆರಡನೆಯ ದಿನ ಚರಗಿಯ ಕುತ್ತಿಗೆಯವರೆಗೆ ಬಂತು. ಆದರೆ ಅಷ್ಟೂ ದಿನ ಅವ್ವ ಬಾಗಿಲಿನ ಹೊರಗೇ ಇದ್ದಳು. ಎಮ್ಮೆ ಕೊಟ್ಟದ್ದು ಅಪ್ಪನ ಕೈಗೋ, ಅವ್ವನ ದನಿಗೋ, ಯಾರಿಗೂ ಗೊತ್ತಿರಲಿಲ್ಲ.

ಅದಕ್ಕೇ ನಾನು ಎರಡು ಯೋಜನೆ ಮಾಡಿದೆ. ಯಾರ್ಡಿನ ಚಹಾದವನ ಬಳಿ ಕುಳಿತು ಕೇಳಿ ಹಳೆಯ ಬಿಲ್ಲಿನ ಹಿಂದೆ ಬರೆದುಕೊಂಡೆ. ದಾರಿ ಕೇಳುವುದಾದರೆ ಚಹಾದವನನ್ನು ಕೇಳಿ, ರಿಕ್ಷಾದವನನ್ನಲ್ಲ. ಮುಂಜಾನೆ ಅಂಬಾಬಾಯಿ ಗುಡಿ, ದರ್ಶನದ ಸಾಲು ಬೆಳೆಯುವ ಮೊದಲು. ಆಮೇಲೆ ಭವಾನಿ ಮಂಟಪ. ಮನೆಯಿಂದ ಒಯ್ದ ರೊಟ್ಟಿ ಉಂಡ ಮೇಲೆ ಚಪ್ಪಲಿ ಓಣಿ. ಹಸಿದ ಹೊಟ್ಟೆಯಲ್ಲಿ ಚೌಕಾಶಿಗೆ ಇಳಿಯಬಾರದು, ಬೇಗ ಒಪ್ಪಿಕೊಂಡುಬಿಡುತ್ತೇವೆ. ನಂತರ ಹೊಸ ಅರಮನೆ. ಇಲ್ಲಿಗೆ ಎರಡು ಯೋಜನೆ ಒಡೆಯುತ್ತಿದ್ದವು. ಅವ್ವನ ಜೀವ ತಡೆಯದಿದ್ದರೆ ಎರಡು ಗಂಟೆಯ ಬಸ್ಸಿಗೆ ವಾಪಸು. ತಡೆದರೆ ರಂಕಾಳ.

ಹೊರಟ ದಿನ ಅವ್ವ ಮುಂಜಾನೆಯ ಹಾಲು ಹಿಂಡಿ, ಎಮ್ಮೆಗೆ ಹೇಳಿ, ಆಮೇಲೆ ಅಪ್ಪನಿಗೆ ಹೇಳಿ ಬಸ್ಸು ಹತ್ತಿದಳು. ಗುಡಿಯಲ್ಲಿ ದರ್ಶನ ಚೆನ್ನಾಗಿ ಆಯಿತು. ಹೊರಬಂದವನೇ ಚಹಾದವನನ್ನು ಕೇಳಬೇಕೆಂಬ ನನ್ನದೇ ಮಾತು ಮರೆತು ರಿಕ್ಷಾದವನನ್ನು ಹಿಡಿದೆ. ಭವಾನಿ ಮಂಟಪಕ್ಕೆ ಅವನು ಹೇಳಿದ್ದರಲ್ಲಿ ಅರ್ಧಕ್ಕೆ ಇಳಿಸಿ, ಗೆದ್ದವನಂತೆ ಮುಂದೆ ಕುಳಿತೆ. ಅವನು ನಾಲ್ಕು ಓಣಿ ಸುತ್ತಿಸಿ ಇಳಿಸಿದ. ಅವ್ವ ತಲೆ ಎತ್ತಿ ನೋಡಿದಳು.

"ಯಪ್ಪಾ, ಅದ ಗುಡಿ ಶಿಖರ ಮತ್ತಿಲ್ಲೂ ಐತೆಲ್ಲೋ?"

ಗುಡಿಯಿಂದ ಮಂಟಪಕ್ಕೆ ನಡೆದರೆ ಬೀಡಿ ಸೇದಿ ಮುಗಿಯುವಷ್ಟು ದೂರವಿಲ್ಲ. ಹೆಂಡತಿಗೆ ಇದು ಮೊದಲೇ ಗೊತ್ತಿತ್ತು. "ಹೇಳಬೇಕಂತಿದ್ದೆ, ನೀವು ಅಷ್ಟ ಚಂದ ಚೌಕಾಶಿ ಮಾಡಾಕತ್ತಿದ್ರಿ," ಎಂದಳು. ವಸ್ತು ಬೇಕೋ ಬೇಡವೋ ತಿಳಿಯುವ ಮೊದಲು ಅದರ ಬೆಲೆ ಇಳಿಸಬೇಡಿ. ಇದು ನನ್ನ ಖರ್ಚಿನಲ್ಲಿ ನಿಮಗೆ ಪುಕ್ಕಟೆ.

ಅರಮನೆಯಲ್ಲಿ ಒಣಹುಲ್ಲು ತುಂಬಿ ನಿಲ್ಲಿಸಿದ ಹುಲಿ, ಕಾಡುಕೋಣಗಳನ್ನು ನೋಡುತ್ತಿದ್ದಾಗ ಅವ್ವ ಕೋಣದ ಮುಂದೆ ನಿಂತವಳು ಮುಂದಕ್ಕೆ ಬರಲಿಲ್ಲ. "ಎಷ್ಟಾತೋ ಟೈಮು?" ಎಂದಳು. ಒಂದೂವರೆ. ಎರಡರ ಬಸ್ಸು ಅವಳಿಗೆ ಗೊತ್ತಿತ್ತು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನಿಂತಳು. ಅಲ್ಲಿ ನನ್ನ ಮಾತಿನ ಬಂಡವಾಳ ನಡೆಯಲಿಲ್ಲ. ಹೋಗು ಎಂದರೂ ತಪ್ಪು, ಇರು ಎಂದರೂ ತಪ್ಪು. ಮಾತಾಡಿದವಳು ಹೆಂಡತಿ.

"ಅತ್ತಿ, ನೀವು ಈಗ ಹೋದ್ರ ಮಾವನೋರು ಹನ್ನೆರಡ ದಿನ ಸೀರಿ ಉಟ್ಟಿದ್ದು ದಂಡ ಆಕ್ಕೈತ್ರಿ."

ಕಾವಲುಗಾರ ತಿರುಗಿ ನೋಡುವಷ್ಟು ಜೋರಾಗಿ ಅವ್ವ ನಕ್ಕಳು. ನಕ್ಕು, ಕಣ್ಣೊರೆಸಿಕೊಂಡು, "ನಡಿ, ಕೆರಿ ಯಾವ ಕಡೆ?" ಎಂದಳು.

ನಿಧಾನವಾಗಿ ನೋಡುತ್ತಾ, ಕೂರುತ್ತಾ ನಡೆದೆವು. ಕೆರೆಯ ದಾರಿಯಲ್ಲಿರುವ ಗಂಗಾವೇಶ ಎಂಬ ಚೌಕಕ್ಕೆ ಬಂದಾಗ ಸರಿಯಾಗಿ ಐದು. ಅಲ್ಲಿ ರಸ್ತೆಯ ಬದಿಗೆ ಸಾಲಾಗಿ ಎಮ್ಮೆಗಳನ್ನು ಕಟ್ಟಿರುತ್ತಾರೆ. ಗಿರಾಕಿ ಬಂದಂತೆ ಎದುರಿಗೇ ಹಿಂಡಿ, ನೊರೆ ಸಮೇತ ಲೋಟದಲ್ಲಿ ಕೊಡುತ್ತಾರೆ. ಅದು ನನ್ನ ಬಿಲ್ಲಿನ ಹಿಂದೆ ಇರಲಿಲ್ಲ. ಅವ್ವನ ಕಾಲು ಅಲ್ಲಿ ನಿಂತುಬಿಟ್ಟಿತು. ರಿಕ್ಷಾ, ಸೈಕಲ್ಲು, ಜನ, ಇಷ್ಟರ ನಡುವೆ ಒಬ್ಬ ಹಿಂಡುತ್ತಿದ್ದ, ಅವನೆದ್ದು ಹೋದರೆ ಇನ್ನೊಬ್ಬ ಕೂರುತ್ತಿದ್ದ, ಎಮ್ಮೆ ಮೆಲುಕು ಹಾಕುತ್ತಾ ಕೊಡುತ್ತಲೇ ಇತ್ತು.

ಅವ್ವ ಮರಾಠಿಯಲ್ಲಿ ಹಿಂಡುತ್ತಿದ್ದವನನ್ನು ಕೇಳಿದಳು, ಇದು ಯಾರು ಕುಳಿತರೂ ಹಾಲು ಕೊಡುತ್ತದೆಯೇ ಎಂದು.

"ಸವಯ್ ಲಾವ್ಲಿ ಕೀ ದೇತೆ, ಮಾವಶಿ," ಎಂದ ಅವನು. ರೂಢಿ ಮಾಡಿಸಿದರೆ ಕೊಡುತ್ತದೆ, ಚಿಕ್ಕಮ್ಮಾ.

ಒಂದು ಲೋಟ ಕೊಡಿಸಿದೆ. ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಿದಳು, ನೊರೆ ಊದಿದಳು, ಕುಡಿದಳು. ಮೇಲಿನ ತುಟಿಗೆ ಬಿಳಿ ಮೀಸೆ ಬಂದಿತ್ತು.

"ಮಂದಿ ಹಿಂಡಿದ್ದು ನಾ ಕುಡಿದದ್ದು ಇದ ಮೊದಲ್ನೇದು," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಹಾಲ ನಮ್ಮದರಷ್ಟ ಗಟ್ಟಿ ಇಲ್ಲ ಬಿಡು."

ರಂಕಾಳದ ಗೋಡೆಯ ಮೇಲೆ ಮೂವರೂ ಚುರುಮುರಿಯ ಭೇಳ ತಿನ್ನುತ್ತಾ ಕುಳಿತೆವು. ಕತ್ತಲಾಗುತ್ತಿದ್ದಂತೆ ದಂಡೆಯ ದೀಪಗಳು ಹತ್ತಿದವು. ಅವು ನೀರಿನಲ್ಲಿ ಉದ್ದುದ್ದಕ್ಕೆ ಇಳಿದು ಅಲುಗಾಡತೊಡಗಿದವು. ಭೇಳದ ಕಾಗದ ಖಾಲಿಯಾದ ಮೇಲೂ ಅವ್ವನ ಕೈಯಲ್ಲೇ ಇತ್ತು. ನಾವೂ ಏಳೋಣ ಎನ್ನಲಿಲ್ಲ.

ರಾತ್ರಿ ನಿಪ್ಪಾಣಿಯಲ್ಲಿ ಮಲಗಿ, ಮರುದಿನ ಹತ್ತರ ಹೊತ್ತಿಗೆ ಊರು ಸೇರಿದೆವು. ಅವ್ವ ಚಪ್ಪಲಿ ಬಿಡದೆ ನೇರ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಕಾಸಿದ ಹಾಲು, ಪಕ್ಕದಲ್ಲಿ ಸಂಜೆಯದು ಹೆಪ್ಪು ಹಾಕಿತ್ತು. ಅಪ್ಪ ಹೊರಗೆ ಕಟ್ಟೆಯ ಮೇಲೆ ಪಟಕಾ ಸರಿಮಾಡಿಕೊಳ್ಳುತ್ತಾ ಏನೂ ಆಗದವನಂತೆ ಕುಳಿತಿದ್ದ.

ಅವ್ವ ಹಾಲಿನ ಮಟ್ಟಕ್ಕೆ ಬೆರಳು ಹಿಡಿದು ನೋಡಿ ಹೊರಬಂದಳು. "ಎರಡೂ ಹೊತ್ತ ಅರ್ಧ ಸೇರ ಕಡಿಮಿ ಕೊಟ್ಟೈತಿ," ಎಂದಳು. ಇಷ್ಟು ಸಂತೋಷದಿಂದ ನಷ್ಟ ಹೇಳಿದವರನ್ನು ವ್ಯಾಪಾರದಲ್ಲಿ ನಾನು ಕಂಡಿಲ್ಲ.

"ಕಡಿಮಿ ಆದ್ರೂ ಕೊಟ್ಟೈತಿ," ಎಂದ ಅಪ್ಪ. "ಕೆರಿ ಹೆಂಗಿತ್ತು?"

ಅವ್ವ ಅವನ ಪಕ್ಕದಲ್ಲಿ ಕುಳಿತು ಹೇಳತೊಡಗಿದಳು. ದೀಪ, ಕೋಣ, ರಿಕ್ಷಾ, ಎಲ್ಲ ಬಂತು. ರಿಕ್ಷಾದ ಸಂಗತಿಯನ್ನು ಎರಡು ಸಲ ಹೇಳಿದಳು. ಅಪ್ಪ ಮೀಸೆಯ ತುದಿ ಹಿಡಿದುಕೊಂಡು ಪೂರ್ತಿ ಕೇಳಿದ. ಕೊನೆಗೆ ಅವ್ವ ನನ್ನ ಕಡೆ ತಿರುಗಿ, "ಬಿಜಾಪುರದ ಗೋಳಗುಮ್ಮಟ ಎಷ್ಟ ದೂರ ಆಕ್ಕೈತೋ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ, "ಈ ಸಲ ನಾನೂ ಬರಾಂವ."

"ಹಂಗಾದ್ರ ಎಮ್ಮಿ?" ಎಂದೆ.

ಇಬ್ಬರೂ ನನ್ನನ್ನು ನೋಡಿದರು. ಒಳಗಿನಿಂದ ಹೆಂಡತಿಯ ನಗು ಕೇಳಿಸಿತು. ಸುಮ್ಮನಿದ್ದು ಗೆಲ್ಲುವುದನ್ನು ಅಪ್ಪ ನನ್ನಿಂದಲೇ ಕಲಿತಿದ್ದ. ಹದಿನೈದು ದಿನ ಚೀಲ ಮುಟ್ಟದೆ, ದಿನಕ್ಕೆರಡು ಸಲ ಸೀಗೆಕಾಯಿ ಹಚ್ಚಿ ತಿಕ್ಕಿ ಮಿಂದು, ಬಾಗಿಲು ಮುಚ್ಚಿಕೊಂಡು ನಾನು ಆ ಎಮ್ಮೆಗೆ ಮಳೆ ಬೆಳೆ ಕೇಳಿದೆ. ಅವರು ಮೂವರೂ ಅಥಣಿಯ ಬಸ್ಸು ಹಿಡಿದು ಬಿಜಾಪುರಕ್ಕೆ ಹೋಗಿ, ಒಂದು ರಾತ್ರಿ ಇದ್ದು ಬಂದರು.

"ಗುಮ್ಮಟದ ಮ್ಯಾಲ ನಿಂತು ಒಮ್ಮಿ ಕೂಗಿದ್ರ ಏಳ ಸಲ ಕೇಳ್ತೈತೋ," ಎಂದು ಅವ್ವ ಬಂದವಳೇ ಹೇಳಿದಳು. "ಏನ ಕೂಗಬೇಕ ತಿಳೀಲಿಲ್ಲ. ಎಮ್ಮಿ ಕರಿಯೂಹಂಗ ಕರದೆ."

"ಏಳ ಸಲ ಕರದಾಳ," ಎಂದ ಅಪ್ಪ, ಚಪ್ಪಲಿ ಬಿಡುತ್ತಾ. "ಒಂದೂ ಬರಲಿಲ್ಲ."